ಕರ್ಸರಿ: ಅರ್ಥ, ಬಳಕೆ ಮತ್ತು ನಮ್ಮ ದೊಡ್ಡಪ್ಪ

ಮಧುಗಿರಿಯಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವನು ನಾನು. ಪ್ರತಿ ವರ್ಷ ತಪ್ಪದೆ ನನಗೆ ಗಂಟುಬೀಳುವ ಒಂದು ಗುಣವಾಚಕವಿದೆ. ಕರ್ಸರಿ. ಪಾಠ ಯಾವುದೇ ಇರಲಿ, ಅದರಲ್ಲಿ ಯಾರೋ ಒಬ್ಬರು ಯಾವುದರ ಮೇಲೋ ಒಂದು ಕರ್ಸರಿ ನೋಟ ಬೀರಿ ಮುಂದೆ ಹೋಗಿಬಿಡುತ್ತಾರೆ. ಅವರೇನೋ ಹೋದರು, ಅರ್ಥ ಹೇಳುವ ಕರ್ಮ ನನ್ನದು. ನಿಘಂಟು ತೆಗೆದರೆ ಅವಸರದ, ಮೇಲುಮೇಲಿನ, ವಿವರಗಳ ಕಡೆ ಗಮನ ಕೊಡದ ಎಂದು ಸಾಲಾಗಿ ಬರೆದಿರುತ್ತಾರೆ. ಅದನ್ನೆಲ್ಲ ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ದನಿ ಬರುತ್ತದೆ: "ಸಾರ್, ಅಷ್ಟುದ್ದ ಬ್ಯಾಡ ಸಾರ್. ಒಂದೇ ಪದದಾಗೆ ಹೇಳ್ಬುಡಿ, ಬರ್ಕಂತೀವಿ." ಅವಸರವೆಂಬ ಅರ್ಥದ ಪದವನ್ನೂ ಇವರಿಗೆ ಅವಸರದಲ್ಲೇ ಕಲಿಯಬೇಕು.

ಒಂದು ವರ್ಷ ನನಗೆ ರೇಗಿಹೋಯಿತು. ಚಾಕ್‌ಪೀಸ್ ಕೆಳಗಿಟ್ಟು, "ನೀವೇ ಹೇಳ್ರಪ್ಪ, ನಿಮ್ಮ ಮನೇಲಿ ಇದಕ್ಕೆ ಏನಂತಾರೆ?" ಎಂದೆ. ಕೊರಟಗೆರೆ ಕಡೆಯ ಹುಡುಗ ಎದ್ದು "ಕಾಟಾಚಾರ ಸಾರ್" ಎಂದ. ಸಿರಾದಿಂದ ಬಸ್ಸಿನಲ್ಲಿ ಬರುವ ಹುಡುಗಿ, "ನಮ್ ಕಡೆ ನಾಮ್‌ಕೆವಾಸ್ತೆ ಅಂತಾರೆ" ಎಂದಳು. ಪಾವಗಡದ ಹುಡುಗನಿಗೆ ಮಾತ್ರ ಎರಡೂ ರುಚಿಸಲಿಲ್ಲ. "ನಮ್ಮೂರಾಗೆ ತೂತೂಮಂತ್ರಂ ಸಾರ್. ಪೂಜಾರಿ ಬಾಯೊಳಗೇ ಒಂದೆರಡು ಮಂತ್ರ ಉಗುಳಿ ಎದ್ದೋಗ್ತಾನಲ್ಲ, ಅದು" ಎಂದು ತೆಲುಗಿನ ಮಾತನ್ನು ಸವಿವರವಾಗಿ ತಿಳಿಸಿದ. ಮಧುಗಿರಿಯವರು ಸುಮ್ಮನೆ ಕೂತಿದ್ದರು. ಅವರಲ್ಲಿ ಆ ಪದ ಇಲ್ಲವೆಂದಲ್ಲ, ಅವರು ಪ್ರಶ್ನೆಯನ್ನೇ ಕೇಳಿಸಿಕೊಂಡಿರಲಿಲ್ಲ.

ಆ ದಿನ ಬೋರ್ಡು ನೋಡಿ ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ಒಂದು ಟಿಕೆಟ್ಟಿನ ದೂರದೊಳಗೆ ಈ ಒಂದು ಗುಣಕ್ಕೆ ನಮ್ಮಲ್ಲಿ ಇಷ್ಟೊಂದು ಹೆಸರು. ಹೆಸರು ಇಷ್ಟಿರಬೇಕಾದರೆ ಕೆಲಸ ಎಷ್ಟು ನಡೆಯುತ್ತಿರಬೇಕು! ಅರ್ಥವೇನೋ ಹೀಗೆ ಸಿಕ್ಕಿತು. ಇನ್ನು ಬಳಕೆಗೆ ಉದಾಹರಣೆ ಬೇಕು. ನಿಘಂಟಿನವರು ಕೊಡುವ ಉದಾಹರಣೆಗಳಲ್ಲಿ ಜೀವವಿರುವುದಿಲ್ಲ. ಯಾವನೋ ಪೊಲೀಸಿನವನು ಕೋಣೆಯನ್ನು ಕರ್ಸರಿಯಾಗಿ ಹುಡುಕಿದ, ಅಷ್ಟೇ. ನನಗೆ ಆ ಕಷ್ಟ ಬರಲಿಲ್ಲ. ನನಗೆ ನಮ್ಮ ದೊಡ್ಡಪ್ಪ ಇದ್ದ.

ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಅವನು ನಿಲ್ಲಿಸದ ಊರಿಲ್ಲ, ಅವನ ಬೈಗುಳ ತಿನ್ನದ ಪ್ಯಾಸೆಂಜರಿಲ್ಲ. ಕೆಲಸ ಬಿಟ್ಟು ಕೊರಟಗೆರೆಯ ಮನೆಯಲ್ಲಿ ಕೂತ ಮೇಲೂ ಜನ ಅವನನ್ನು ಮರೆಯಲಿಲ್ಲ. ಯಾರ ಮನೆಯ ಮದುವೆಯಾದರೂ ಒಂದು ಲಗ್ನಪತ್ರಿಕೆ ಅವನಿಗೆ ಬಂದೇ ಬರುತ್ತಿತ್ತು. ಈಗಂತೂ ಮೊಬೈಲಿಗೂ ಬರುತ್ತದೆ, ಹಿಂದೆ ನಾದಸ್ವರ, ಮುಂದೆ ಹೂವು ಉದುರುವ ಪತ್ರಿಕೆ. ದೊಡ್ಡಪ್ಪ ಎಲ್ಲಕ್ಕೂ ಹೋಗುತ್ತಿದ್ದ. ಒಳ್ಳೆ ಮುಹೂರ್ತದ ದಿನ ಊರಿಗೆ ಊರೇ ಮದುವೆಯಾಗುವುದು ನಮ್ಮ ಕಡೆಯ ರೂಢಿ. ಅಂಥ ದಿನ ಅವನನ್ನು ಹಿಡಿಯುವವರೇ ಇರಲಿಲ್ಲ.

ಅವನು ಮದುವೆಗೆ ಹೋಗುತ್ತಿದ್ದ ಎಂದೆ. ಆ ಕ್ರಿಯಾಪದ ಸ್ವಲ್ಪ ಜಾಸ್ತಿಯಾಯಿತು. ಬಸ್ಸು ಸ್ಟಾಪಿಗೆ ಹೋಗುತ್ತದಲ್ಲ, ಅವನು ಹಾಗೆ ಹೋಗುತ್ತಿದ್ದ. ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಳ್ಳುವಾಗಲೇ ಅವನ ಕಣ್ಣು ಕ್ಯಾಮೆರಾ ಎಲ್ಲಿದೆ ಎಂದು ಹುಡುಕುತ್ತಿತ್ತು. ಸಾಲು ತಪ್ಪಿಸಿ ಪಕ್ಕದ ಮೆಟ್ಟಿಲಿಂದ ವೇದಿಕೆ ಹತ್ತುವುದು, ಗಂಡಿನ ಭುಜದ ಮೇಲೆ ಕೈ ಇಡುವುದು, ಕ್ಯಾಮೆರಾ ಬೆಳಗಿದ ಮರುಕ್ಷಣ ಆ ಕಡೆಯ ಮೆಟ್ಟಿಲಿಂದ ಇಳಿಯುವುದು. ಊಟಕ್ಕೆ ಎಬ್ಬಿಸಿದರೆ "ಶುಗರ್ ಐತೆ ಕಣಪ್ಪ" ಅನ್ನುವುದು, ತಾಂಬೂಲದ ಚೀಲ ಇಸಿದುಕೊಂಡು ಕಾರಿನ ಬಾಗಿಲು ಹಾಕಿ "ರೈಟ್ ರೈಟ್" ಅನ್ನುವುದು. ಕಾರು ನನ್ನದು, ಓಡಿಸುವವನೂ ನಾನೇ. ಆ ರೈಟ್ ರೈಟ್ ಕೇಳಿ ಕೇಳಿ ನನಗೆ ನಾನೇ ಬಾಡಿಗೆ ಡ್ರೈವರ್ ಅನ್ನಿಸಿಬಿಟ್ಟಿತ್ತು.

"ಯಾಕಿಂಗೆ ಓಡಾಡ್ತೀಯ ದೊಡ್ಡಪ್ಪಾ? ಒಂದು ಮದ್ವೇಲಾದ್ರೂ ಕೂತು ಊಟ ಮಾಡಬಾರ್ದಾ?" ಎಂದು ಒಮ್ಮೆ ಕೇಳಿದೆ.

"ಏ, ನಿಂಗೊತ್ತಾಗಕಿಲ್ಲ ಕಣ್ಲಾ. ಒಂದ್ಕಡೆ ಕೂತ್ಕಂಡ್ರೆ ಇನ್ನೊಂದ್ಕಡೆ ಬರ್ಲಿಲ್ಲ ಅಂತಾರೆ. ಯಾರ ಬಾಯಾಗೂ 'ಅವ್ನು ಬರ್ಲಿಲ್ಲ' ಅಂತ ಬರಬಾರ್ದು. ಮುಖ ತೋರ್ಸಿದ್ರೆ ಮುಗೀತು. ನಾಳೆ ವಿಡಿಯೋ ಹಾಕ್ಕಂಡು ನೋಡ್ತಾರಲ್ಲ, ಅದ್ರಾಗೆ ನಾನು ಇರ್ಬೇಕು."

ಆ ವಿಡಿಯೋಗಳಲ್ಲಿ ಅವನು ಇದ್ದಾನೆ. ನಾಲ್ಕು ತಾಲ್ಲೂಕಿನ ಮದುವೆ ಆಲ್ಬಮ್ಮುಗಳನ್ನು ತಂದು ಗುಡ್ಡೆ ಹಾಕಿದರೆ ಗಂಡು ಹೆಣ್ಣುಗಳು ಬದಲಾಗುತ್ತಾ ಹೋಗುತ್ತಾರೆ, ದೊಡ್ಡಪ್ಪ ಮಾತ್ರ ಅದೇ ಶಲ್ಯ, ಅದೇ ನಗು. ಮುಂದಿನ ಶತಮಾನದಲ್ಲಿ ಯಾರಾದರೂ ಆ ಫೋಟೋಗಳನ್ನು ಅಭ್ಯಾಸ ಮಾಡಿದರೆ ಇವನು ಯಾವುದೋ ಗ್ರಾಮದೇವತೆ ಇರಬೇಕು ಎಂದು ಬರೆದಾರು.

ಇಷ್ಟು ಹೇಳಿ ಅವನನ್ನು ಬರೀ ತಮಾಷೆಯ ಮನುಷ್ಯ ಮಾಡಿದರೆ ತಪ್ಪಾಗುತ್ತದೆ. ಅವನಿಗೆ ಒಬ್ಬಳೇ ತಂಗಿ, ನನಗೆ ಸೋದರತ್ತೆ. ಅವಳನ್ನು ಪಾವಗಡದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ಎಲ್ಲರೂ ತೆಲುಗು, ಇವಳಿಗೆ ಒಂದಕ್ಷರ ಬಾರದು. ದೊಡ್ಡಪ್ಪನ ಬಸ್ಸು ಆ ಊರಿಗೆ ತಿರುಗುವ ಗೇಟಿನಲ್ಲಿ ನಿಂತರೆ ಅತ್ತೆ ಅಲ್ಲಿ ಬಂದು ಕಾದಿರುತ್ತಿದ್ದಳಂತೆ. ಅವನು ಇಳಿದು, ಮಧುಗಿರಿಯಿಂದ ತಂದ ಹೂವನ್ನು ಕೈಗೆ ಕೊಟ್ಟು, ಅವಳು ಕನ್ನಡದಲ್ಲಿ ಹೇಳಿಕೊಳ್ಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಬಸ್ಸು ಬಿಡಿಸುತ್ತಿರಲಿಲ್ಲ. ಡ್ರೈವರ್ ಹಾರನ್ ಹೊಡೆದರೆ, "ಲೇ, ನಿನ್ ತಂಗಿ ಆಗಿದ್ರೆ?" ಅನ್ನುತ್ತಿದ್ದನಂತೆ. ಇದನ್ನು ಅತ್ತೆಯೇ ನನಗೆ ಬೇಕಾದಷ್ಟು ಸಲ ಹೇಳಿದ್ದಾಳೆ. ಅಂಥವನು ಯಾವಾಗ ಇಂಥವನಾದ ಎಂದು ನನಗೆ ಗೊತ್ತಿಲ್ಲ. ಕರೆಯುವವರು ಹೆಚ್ಚಾದಂತೆಲ್ಲ ಕೂರುವುದು ಕಡಿಮೆಯಾಗುತ್ತಾ ಬಂತು ಅಂತ ಕಾಣುತ್ತದೆ.

ಈ ಅತ್ತೆಯ ಒಬ್ಬಳೇ ಮಗಳ ಮದುವೆ ಹೋದ ವರ್ಷ ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ, ಅಂದರೆ ತಾಯಿಯ ಅಣ್ಣನೋ ತಮ್ಮನೋ. ನಮ್ಮಪ್ಪ ತೀರಿಕೊಂಡು ಬಹಳ ಕಾಲವಾಗಿದೆ. ಹಾಗಾಗಿ ಉಳಿದ ಸೋದರಮಾವ ದೊಡ್ಡಪ್ಪನೊಬ್ಬನೇ. ಅತ್ತೆ ಪತ್ರಿಕೆ ಕೊಡಲು ಕೊರಟಗೆರೆಗೆ ಬಂದಾಗ ನಾನೂ ಅಲ್ಲಿದ್ದೆ. ಅರಿಶಿನ ಕುಂಕುಮ ಇಟ್ಟು, ಅಣ್ಣನ ಎದುರಿಗೆ ನೆಲದ ಮೇಲೆ ಕೂತಳು.

"ಅಣ್ಣಾ, ನೀನು ಬಂದೋಗೋದಲ್ಲ. ಇರ್ಬೇಕು. ಹಿಂದಿನ ದಿನಾನೇ ಬಂದ್ಬುಡು. ನಂಗೆ ತೌರು ಅಂತ ಇರೋದು ನೀನೊಬ್ನೇ. ಅವರ ಕಡೆಯೋರೆಲ್ಲ ನೋಡ್ತಿರ್ತಾರೆ."

"ಅಯ್ಯೋ, ಹೇಳ್ಬೇಕಾ ಕಣಮ್ಮ! ನಾನೇ ಅಲ್ವಾ ಕೈ ಹಿಡ್ಕಂಡು ಬರೋನು?" ಎಂದ ದೊಡ್ಡಪ್ಪ. ಹಾಗನ್ನುತ್ತಾ ಮೊಬೈಲಿನಲ್ಲಿ ಆ ತಾರೀಖಿಗೆ ಬೇರೆ ಯಾವ ಮದುವೆ ಇದೆ ಎಂದು ನೋಡುತ್ತಿದ್ದ. ಅತ್ತೆಯೂ ಅದನ್ನು ನೋಡಿದಳು. ಹೊರಡುವಾಗ ನನ್ನನ್ನು ಜಗಲಿಗೆ ಕರೆದು, "ನೀನೇ ಅವನ್ನ ಕರ್ಕಂಡು ಬಾರಪ್ಪ. ದಾರೀಲಿ ಎಲ್ಲೂ ಇಳಿಸ್ಬ್ಯಾಡ" ಎಂದಳು. ಅವಳ ಕಣ್ಣು ತುಂಬಿತ್ತು. ಆಯಿತು ಎಂದೆ.

ಹಿಂದಿನ ದಿನ ದೊಡ್ಡಪ್ಪ ಹೋಗಲಿಲ್ಲ. ಮೂರು ಆರತಕ್ಷತೆಗಳಿದ್ದವು. ನಮ್ಮಮ್ಮ, ನನ್ನ ಹೆಂಡತಿ ಬಸ್ಸಿನಲ್ಲಿ ಪಾವಗಡಕ್ಕೆ ಹೋದರು. ಮಾರನೇ ದಿನ ಬೆಳಿಗ್ಗೆ ನಾನು ಕೊರಟಗೆರೆಗೆ ಹೋಗಿ ನಿಂತರೆ ದೊಡ್ಡಪ್ಪ ಶಲ್ಯ ಹೊದ್ದು ರೆಡಿ. ಕಾರು ಹತ್ತಿ ಬಾಗಿಲು ಹಾಕಿದವನೇ, "ಅಂಗೇ ಚನ್ನರಾಯನದುರ್ಗದ ಮೇಲೆ ಹೋಗ್ಬುಡಣ. ದಾರಿ ಮಗ್ಗಲಲ್ಲೇ ಐತೆ" ಎಂದ. ಅದೇನೋ ದಾರಿಯೇ, ಒಪ್ಪಿಕೊಂಡೆ. ದುರ್ಗದ ಬುಡದ ಆ ಮದುವೆಯಲ್ಲಿ ಗಂಡಿಗೆ ಇನ್ನೂ ಎಣ್ಣೆ ನೀರು ಆಗಿರಲಿಲ್ಲ. ಹಲ್ಲುಜ್ಜುತ್ತಾ ನಿಂತಿದ್ದ ಹುಡುಗನ ತಲೆಯ ಮೇಲೆ ದೊಡ್ಡಪ್ಪ ಅಕ್ಷತೆ ಹಾಕಿ, ಬಾಯಲ್ಲಿ ನೊರೆ ಇದ್ದ ಮದುಮಗನ ಜೊತೆ ಫೋಟೋ ತೆಗೆಸಿಕೊಂಡು ಬಂದ. ಮಧುಗಿರಿಯಲ್ಲಿ ಇನ್ನೊಂದು. ಅಲ್ಲಿ ಕಾರನ್ನು ಆಫ್ ಮಾಡಲೂ ಬಿಡಲಿಲ್ಲ.

ಮಧುಗಿರಿಯಿಂದ ಪಾವಗಡಕ್ಕೆ ನೇರ ರಸ್ತೆ. ನಾನು ಆ ಕಡೆ ತಿರುಗಿಸುತ್ತಿದ್ದ ಹಾಗೆ, "ಲೇ, ಸಿರಾ ಕಡೆ ಬುಡು" ಎಂದ.

"ಸಿರಾ? ಅದು ಎತ್ಲಾಗೆ, ಪಾವಗಡ ಎತ್ಲಾಗೆ ದೊಡ್ಡಪ್ಪಾ! ಅತ್ತೆ ಕಾಯ್ತಾ ಅವ್ಳೆ."

"ಮುಹೂರ್ತಕ್ಕೆ ಇನ್ನೂ ಬೇಕಾದಂಗೆ ಟೈಮೈತೆ ಕಣ್ಲಾ. ಗೌಡಗೆರೆ ಕಡೆಯೋನು, ಕಡ್ಲೆಕಾಯಿ ವ್ಯಾಪಾರದೋನು. ನನ್ ಬಸ್ಸಿನ ಟಾಪಿನ್ ಮ್ಯಾಲೆ ಎಷ್ಟು ಮೂಟೆ ಹಾಕವ್ನೆ ಗೊತ್ತಾ? ಅವನ್ ಮಗನ ಮದ್ವೆ. ಇಂಗೋಗಿ ಅಂಗ್ ಬಂದ್ಬುಡಣ."

ಕಂಡಕ್ಟರನ ನಕ್ಷೆಯಲ್ಲಿ ಎಲ್ಲ ಊರೂ ಮಗ್ಗಲಲ್ಲೇ ಇರುತ್ತವೆ. ನಾನು ಗೊಣಗಿಕೊಂಡು ಸಿರಾ ಕಡೆ ತಿರುಗಿಸಿದೆ. ದಾರಿಯಲ್ಲಿ ಅತ್ತೆಯ ಫೋನು ಬಂತು. "ಹೊರಟಾಯ್ತು ಕಣಮ್ಮ, ಬಂದೇಬುಟ್ಟೆ" ಎಂದ ದೊಡ್ಡಪ್ಪ. ಹೊರಟಿದ್ದಂತೂ ನಿಜ.

ಸಿರಾದ ಆ ರಸ್ತೆಯಲ್ಲಿ ಎದುರುಬದುರು ಎರಡು ಕಲ್ಯಾಣ ಮಂಟಪ. ಎರಡರ ಮುಂದೆಯೂ ಬಾಳೆಕಂದು, ಎರಡರಲ್ಲೂ ಅದೇ ಓಲಗ. ದೊಡ್ಡಪ್ಪ ಕಾರು ನಿಲ್ಲುವ ಮೊದಲೇ ಇಳಿದು ಒಂದರೊಳಗೆ ನುಗ್ಗಿದ. ನಾನು ಬಾಗಿಲವರೆಗೆ ಹೋಗಿ ನೋಡಿದೆ. ವೇದಿಕೆಯ ಮೇಲೆ ಒಬ್ಬ ಯಜಮಾನರು ಎರಡೂ ಕೈ ಹಿಡಿದು, "ಬನ್ನಿ ಬನ್ನಿ, ಈಗ ಬಂದ್ರಾ?" ಎಂದು ಅವನನ್ನು ಗಂಡಿನ ಪಕ್ಕಕ್ಕೆ ನೂಕಿದರು. ಇನ್ನೊಬ್ಬರು ಅವನ ಶಲ್ಯ ಸರಿ ಮಾಡಿದರು. ಫೋಟೋ ಆಯಿತು. ತಾಂಬೂಲದ ಚೀಲದೊಂದಿಗೆ ಬಂದು ಕೂತ. ರೈಟ್ ರೈಟ್.

ಸಿರಾ ಊರು ದಾಟಿ ಸಾಕಷ್ಟು ದೂರ ಬಂದಿದ್ದೆವು. ದೊಡ್ಡಪ್ಪ ಚೀಲದಿಂದ ಎಲೆ ಅಡಿಕೆ ತೆಗೆಯಲು ಹೋಗಿ ಚೀಲವನ್ನೇ ನೋಡುತ್ತಾ ಕೂತ. ಚೀಲದ ಮೇಲೆ ಗಂಡು ಹೆಣ್ಣಿನ ಹೆಸರು ಅಚ್ಚಾಗಿರುತ್ತದಲ್ಲ, ಅದನ್ನು.

"ಲೇ. ಇವ್ರು ಅವ್ರಲ್ಲ ಕಣ್ಲಾ."

"ಅಂದ್ರೆ?"

"ನಾನು ಹೋಗ್ಬೇಕಾಗಿದ್ದು ಎದುರಿಂದು. ಆ ಹುಡ್ಗ ಯಾಕೋ ಬಡವಾಗವ್ನೆ, ಬಣ್ಣಾನೂ ತಿರುಗೈತೆ ಅಂದ್ಕಂಡೆ. ಇವ್ನು ಅವ್ನೇ ಅಲ್ಲ."

ನನಗೆ ನಗು ತಡೆಯಲಾಗಲಿಲ್ಲ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ನಕ್ಕೆ. ಇವನು ಗಂಡಿನ ಮುಖ ನೋಡಿರಲಿಲ್ಲ ಸರಿ. ಆದರೆ ಅವನನ್ನು ಅಷ್ಟು ಪ್ರೀತಿಯಿಂದ ಬರಮಾಡಿಕೊಂಡ ಯಜಮಾನರು? ಹೆಣ್ಣಿನ ಕಡೆಯವರು ಇವನನ್ನು ಗಂಡಿನ ಕಡೆಯವನು ಅಂದುಕೊಂಡಿದ್ದಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನು ಅಂದುಕೊಂಡಿದ್ದಾರೆ. ಶಲ್ಯ ಸರಿ ಮಾಡಿದವರಿಗೆ ಅವನು ಯಾರಾದರೂ ಒಂದೇ. ಆ ವೇದಿಕೆಯ ಮೇಲೆ ಅವತ್ತು ಯಾರೂ ಯಾರನ್ನೂ ನೋಡಿರಲಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಕರ್ಸರಿ ಎಂದರೆ ಏನೆಂದು ಜನ್ಮದಲ್ಲಿ ಮರೆಯುವುದಿಲ್ಲ ಎಂದುಕೊಂಡೆ.

"ತಿರುಗ್ಸು" ಎಂದ ದೊಡ್ಡಪ್ಪ.

ನನ್ನ ನಗು ನಿಂತಿತು. "ಎಲ್ಲಿಗೆ?"

"ಸಿರಾಕ್ಕೆ. ಅವ್ನು ನಾನು ಬರ್ಲಿಲ್ಲ ಅಂತ ತಿಳ್ಕಂತಾನೆ. ಎದುರು ಮಂಟಪಕ್ಕೆ ಬಂದು ಹಂಗೇ ಹೋದ ಅಂತ ಯಾರಾದ್ರೂ ಹೇಳಿದ್ರಂತೂ ಮುಗುದೇ ಹೋಯ್ತು."

"ದೊಡ್ಡಪ್ಪಾ, ಅತ್ತೆ ಮಗ್ಳನ್ನ ಹಸೆಗೆ ಕರ್ಕಂಡು ಬರೋನು ನೀನು! ಅಲ್ಲಿ ನೀನಿಲ್ದಿದ್ರೆ ಆಗಲ್ಲ. ಇಲ್ಲಿ ನೀನು ಬಂದ್ಯೋ ಬಿಟ್ಯೋ ಯಾರಿಗೂ ಗೊತ್ತಾಗಲ್ಲ."

"ಅವ್ಳು ನನ್ ತಂಗಿ ಕಣ್ಲಾ, ಅರ್ಥ ಮಾಡ್ಕಂತಾಳೆ. ಹೊರಗಿನೋರು ಅರ್ಥ ಮಾಡ್ಕಳಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿಸುವುದಿಲ್ಲ ಎಂದೆ. ಅವನು ಬಾಗಿಲು ತೆಗೆದು ರಸ್ತೆಗೆ ಇಳಿದ. ಸಿರಾ ಕಡೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತೇನೆ ಎಂದ; ಹಿಡಿಯುವ ಪೈಕಿಯೇ ಅವನು. ಬೈದುಕೊಂಡು ತಿರುಗಿಸಿದೆ.

ಸರಿಯಾದ ಮಂಟಪದಲ್ಲಿ ಧಾರೆ ನಡೆಯುತ್ತಿತ್ತು. ಪಕ್ಕದ ಮೆಟ್ಟಿಲಿನಲ್ಲೂ ಜನ. ಕಡ್ಲೆಕಾಯಿ ವ್ಯಾಪಾರದವನು, ದೊಡ್ಡಪ್ಪನ ಹಾಗಲ್ಲ, ಪ್ರೀತಿಯ ಮನುಷ್ಯ. ಇವನನ್ನು ಕಂಡಿದ್ದೇ ತಬ್ಬಿಕೊಂಡ. "ಅಣ್ಣಾ, ನೀನು ಬಂದಲ್ಲ, ಬಾ ಕೂತ್ಕೊ" ಎಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಪಕ್ಕದಲ್ಲಿ ತಾನೂ ಕೂತು ಹಳೇ ಬಸ್ಸಿನ ಕಥೆ ತೆಗೆದ. ಬಂದುಹೋಗುವುದನ್ನೇ ಅಭ್ಯಾಸ ಮಾಡಿಕೊಂಡವನಿಗೆ ಹಿಡಿದು ಕೂರಿಸಿದವನಿಂದ ಬಿಡಿಸಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಕೇಸರಿಬಾತು ಬಂತು. ಶುಗರ್ ಎಂದ. "ಒಂದ್ ದಿನಕ್ಕೆ ಏನೂ ಆಗಲ್ಲ ತಿನ್ನಣ್ಣ" ಎಂದು ವ್ಯಾಪಾರಿ ಬಾಯಿಗೇ ಇಟ್ಟ. ಬಾಯಲ್ಲಿ ಕೇಸರಿಬಾತು ಇರುವಾಗಲೇ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ಬಂದೆ ಕಣಮ್ಮ, ಪಾವಗಡದ ಬೆಟ್ಟ ಕಾಣ್ತಾ ಐತೆ" ಎಂದ ದೊಡ್ಡಪ್ಪ. ಹಿಂದೆ ಸಿರಾದ ಓಲಗ ಕಿವಿ ಹರಿಯುವಂತೆ ಮೊಳಗುತ್ತಿತ್ತು. ಅತ್ತೆಗೆ ಅದು ಕೇಳಿಸಿರಲೇಬೇಕು. ಅವಳ ಮಂಟಪದಲ್ಲೂ ಓಲಗ ಇತ್ತು, ಎರಡನ್ನೂ ಬೇರೆ ಮಾಡಿ ಕೇಳಿದಳೋ ಇಲ್ಲವೋ ನನಗೆ ತಿಳಿಯದು.

ನಾವು ಮತ್ತೆ ಸಿರಾ ಬಿಟ್ಟಾಗ ಹೊತ್ತು ಏರಿತ್ತು. ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರದ ತುಂಡೊಂದನ್ನು ಹಾಯಬೇಕು. ಅಲ್ಲಿ ಬೋರ್ಡುಗಳೆಲ್ಲ ತೆಲುಗಿಗೆ ತಿರುಗುವ ಹೊತ್ತಿಗೆ ನನ್ನ ಹೆಂಡತಿಯ ಫೋನು ಬಂತು. ಸ್ಪೀಕರಿಗೆ ಹಾಕಿದೆ. "ಎಲ್ಲಿದ್ದೀರಾ? ಪುರೋಹಿತರು ಸೋದರಮಾವ ಬರಲಿ ಅಂತ ಕೂಗ್ತಾ ಇದಾರೆ. ಹುಡುಗಿ ಕೋಣೆ ಬಾಗಿಲಲ್ಲಿ ನಿಂತಿದಾಳೆ." ದೊಡ್ಡಪ್ಪ ಕಿಟಕಿಯ ಕಡೆ ನೋಡುತ್ತಾ, "ತಡೆಯಾಕೆ ಹೇಳು. ಐದು ನಿಮಿಷ ಅಂತ ಹೇಳು" ಎಂದ. ನಾನು ಹೇಳಲಿಲ್ಲ. ಐದು ನಿಮಿಷ ಎನ್ನುವುದಕ್ಕೆ ನಮ್ಮ ಕಡೆ ಯಾವ ಅರ್ಥವೂ ಇಲ್ಲ.

ಆಮೇಲೆ ಯಾರೂ ಫೋನು ಮಾಡಲಿಲ್ಲ. ದೊಡ್ಡಪ್ಪನೇ ಅತ್ತೆಗೆ ಮಾಡಿದ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಶಲ್ಯದ ತುದಿಯಿಂದ ಬಾಯಿ ಒರೆಸಿಕೊಂಡ. "ಜೋರಾಗಿ ಹೊಡಿಲಾ" ಎಂದ. ಜೋರಾಗಿಯೇ ಹೊಡೆಯುತ್ತಿದ್ದೆ.

ಪಾವಗಡದ ಮಂಟಪದ ಬಾಗಿಲಲ್ಲಿ ಗಂಡಿನ ಕಡೆಯ ಮುದುಕರೊಬ್ಬರು ಬೀಡಿ ಸೇದುತ್ತಾ ನಿಂತಿದ್ದರು. ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಇಪ್ಪುಡೊಸ್ತಾರಾ ಅನ್ನಾ? ತಾಳಿ ಕಟ್ಟೇಶಾರು" ಎಂದರು. ಇದೇನು ಬರುವ ಹೊತ್ತೇ, ತಾಳಿ ಕಟ್ಟಿ ಆಯಿತು ಎಂದು. ಅವರ ದನಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು.

ಒಳಗೆ ನನ್ನ ಹೆಂಡತಿ ಸಿಕ್ಕಿ ನಡೆದದ್ದನ್ನು ಹೇಳಿದಳು. ಪುರೋಹಿತರು ಕೂಗಿ ಕೂಗಿ ಸುಸ್ತಾಗಿ, ಮುಹೂರ್ತ ಮೀರುತ್ತದೆ, ಯಾರಾದರೂ ಸೋದರಮಾವನ ಸ್ಥಾನದಲ್ಲಿ ನಿಂತುಬಿಡಿ ಎಂದರಂತೆ. ಗಂಡಿನ ಕಡೆಯ ಒಬ್ಬರು ದೊಡ್ಡ ಮನಸ್ಸು ಮಾಡಿ, ನಾನೇ ನಿಲ್ಲುತ್ತೇನೆ ಬಿಡಿ, ಶಾಸ್ತ್ರ ಮುಗಿದರೆ ಸರಿ ಎಂದು ಎದ್ದರಂತೆ. ಅತ್ತೆ ಅಡ್ಡ ಬಂದು, "ಬರೀ ಶಾಸ್ತ್ರಕ್ಕೆ ಯಾರೂ ಬ್ಯಾಡ" ಎಂದಳಂತೆ. ಯಾರ ಮುಖವನ್ನೂ ನೋಡದೆ ಕೋಣೆಗೆ ಹೋಗಿ, ಮಗಳ ಕೈ ತಾನೇ ಹಿಡಿದು, ಅಷ್ಟು ಜನರ ನಡುವೆ ನಿಧಾನವಾಗಿ ನಡೆಸಿಕೊಂಡು ಬಂದು ಹಸೆಯ ಮೇಲೆ ಕೂರಿಸಿದಳಂತೆ. ಓಲಗದವರು ಬಾರಿಸಬೇಕೋ ಬೇಡವೋ ತಿಳಿಯದೆ ಸುಮ್ಮನಿದ್ದರಂತೆ. ನನ್ನ ಹೆಂಡತಿ ಇದನ್ನು ಹೇಳುತ್ತಾ ಅತ್ತಳು. ಆ ನಡಿಗೆಯನ್ನು ನಾನು ನೋಡಬೇಕಿತ್ತು.

ದೊಡ್ಡಪ್ಪ ನಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಪಕ್ಕದ ಮೆಟ್ಟಿಲ ಕಡೆ ಹೋಗಲಿಲ್ಲ. ಉಡುಗೊರೆ ಕೊಡುವವರ ಸಾಲಿನಲ್ಲಿ ಹೋಗಿ ನಿಂತ. ಸಾಲು ನಿಧಾನಕ್ಕೆ ಸರಿಯಿತು. ವೇದಿಕೆಯ ಅಂಚಿನಲ್ಲಿ ಅತ್ತೆ ಬಂದವರಿಗೆ ಕೈ ಮುಗಿಯುತ್ತಾ ನಿಂತಿದ್ದಳು. ಇಲ್ಲೀಗ ಒಂದು ದೊಡ್ಡ ಜಗಳವಾಗುತ್ತದೆ ಎಂದು ನಾನು ಹೆದರಿದ್ದೆ. ನಿಜ ಹೇಳಬೇಕೆಂದರೆ ಆಗಲಿ ಎಂದೂ ಆಸೆಪಟ್ಟಿದ್ದೆ. ಅವಳು ಬೈದಿದ್ದರೆ, ಎಲ್ಲರ ಮುಂದೆ ಅತ್ತಿದ್ದರೆ, ಅವನ ಶಲ್ಯ ಹಿಡಿದು ಎಳೆದಿದ್ದರೆ ದೊಡ್ಡಪ್ಪನಿಗೂ ಹಗುರವಾಗುತ್ತಿತ್ತು. ಅವನು ಅದಕ್ಕೆ ತಯಾರಾಗಿ ತಲೆ ಬಗ್ಗಿಸಿಯೇ ಹತ್ತಿದ್ದ.

"ಬನ್ನಿ, ಬನ್ನಿ. ಬಂದಿದ್ದು ಭಾಳ ಸಂತೋಷ" ಎಂದಳು ಅತ್ತೆ, ಕೈ ಮುಗಿದು. "ಊಟ ಮಾಡ್ಕಂಡೇ ಹೋಗ್ಬೇಕು."

ಬೆಳಗಿನಿಂದ ಅವಳು ಅದೇ ಮಾತನ್ನು ಎಲ್ಲರಿಗೂ ಹೇಳುತ್ತಿದ್ದಳು. ಹೇಳಿ, ಅವನ ಹಿಂದೆ ನಿಂತಿದ್ದವರ ಕಡೆ ತಿರುಗಿ ಅವರಿಗೂ ಕೈ ಮುಗಿದಳು. ದೊಡ್ಡಪ್ಪ ಬಾಯಿ ತೆರೆದ. "ಅಮ್ಮಯ್ಯಾ, ಸಿರಾದಾಗೆ..." ಎಂದ. ಫೋಟೋದವನು, "ಯಜಮಾನ್ರೇ, ಸ್ವಲ್ಪ ಮುಂದಕ್ಕೆ ಬನ್ನಿ, ಹಿಂದೆ ಜನ ಕಾಯ್ತಾ ಅವ್ರೆ" ಎಂದ. ಕ್ಯಾಮೆರಾ ಬೆಳಗಿತು. ದೊಡ್ಡಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ತಂಗಿಯ ಕಡೆಯೇ ನೋಡುತ್ತಿದ್ದ. ಆ ಆಲ್ಬಮ್ಮಿನಲ್ಲಿ ಅವನು ನಗುತ್ತಿಲ್ಲ.

ಕೆಳಗಿಳಿದವನು ಹೊರಗೆ ಹೋಗಲಿಲ್ಲ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. "ಮಡಕಶಿರಾ ಕಡೆ ಇನ್ನೊಂದು ಐತೆ ಅಂದಿದ್ಯಲ್ಲ?" ಎಂದು ನಾನು ಬೇಕೆಂದೇ ಚುಚ್ಚಿದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇಲ್ಲ ಕಣ್ಲಾ. ಎಲ್ಲೂ ಹೋಗಾಕಿಲ್ಲ" ಎಂದ. ಪಂಕ್ತಿಗೆ ಕರೆದಾಗ ಹೋಗಿ ಎಲೆಯ ಮುಂದೆ ಕೂತ. ಬಡಿಸಿದ್ದನ್ನೆಲ್ಲ ಉಂಡ, ಪಾಯಸವನ್ನೂ. ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತ. ಪಕ್ಕದವರು ಎದ್ದು ಹೋದರು, ಬೇರೆಯವರು ಬಂದರು, ಅವರೂ ಹೋದರು. ಒಬ್ಬಿಬ್ಬರು ಹಳೇ ಪ್ಯಾಸೆಂಜರುಗಳು ಗುರುತು ಹಿಡಿದು ಮಾತಾಡಿಸಿದರೆ ಸುಮ್ಮನೆ ತಲೆ ಆಡಿಸಿದ. ಅತ್ತೆ ಆ ಕಡೆ ಈ ಕಡೆ ಓಡಾಡುತ್ತಲೇ ಇದ್ದಳು. ಅವಳು ಹತ್ತಿರ ಬಂದಾಗಲೆಲ್ಲ ಇವನು ಕುರ್ಚಿಯಿಂದ ಅರ್ಧ ಏಳುತ್ತಿದ್ದ, ಅವಳು ದಾಟಿಹೋದ ಮೇಲೆ ಕೂರುತ್ತಿದ್ದ. ಅವಳು ಅವನನ್ನು ಬೇಕೆಂದು ತಪ್ಪಿಸಿದಳು ಎಂದು ನನಗೆ ಅನ್ನಿಸಲಿಲ್ಲ. ಆ ಗಲಾಟೆಯಲ್ಲಿ ಅವನು ಅಲ್ಲಿದ್ದಾನೆ ಎಂಬುದೇ ಅವಳ ಲೆಕ್ಕದಲ್ಲಿ ಇರಲಿಲ್ಲ.

ಸಂಜೆಯ ಹೊತ್ತಿಗೆ ಹುಡುಗಿಯನ್ನು ಕಳಿಸಿಕೊಟ್ಟರು. ಅವಳು ಎಲ್ಲ ಹಿರಿಯರ ಕಾಲು ಮುಟ್ಟುತ್ತಾ ಬಂದು ದೊಡ್ಡಪ್ಪನ ಕಾಲೂ ಮುಟ್ಟಿದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟು ಏನೋ ಹೇಳಲು ಹೋದ, ಅಷ್ಟರಲ್ಲಿ ಅವಳು ಪಕ್ಕದವರ ಕಾಲಿಗೆ ಬಗ್ಗಿದ್ದಳು. ಕಾರು ಹೊರಟಿತು. ಅತ್ತೆ ನಮ್ಮಮ್ಮನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ದೊಡ್ಡಪ್ಪ ಎರಡು ಹೆಜ್ಜೆ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟ.

ಮಂಟಪ ಖಾಲಿಯಾಗುತ್ತಾ ಬಂತು. ಶಾಮಿಯಾನದವರು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಾ ಬಂದು ದೊಡ್ಡಪ್ಪ ಕೂತಿದ್ದ ಒಂದನ್ನು ಮಾತ್ರ ಬಿಟ್ಟು ಮುಂದೆ ಹೋದರು. ಮನೆಯವರು ಬೆಳಗಿನಿಂದ ಉಂಡಿರಲಿಲ್ಲ. ಅವರಿಗೆಂದು ಊಟದ ಮನೆಯಲ್ಲಿ ಒಂದು ಸಾಲು ಎಲೆ ಹಾಕಿದ್ದರು. ಅತ್ತೆ ಮುಖ ತೊಳೆದು ಎಲ್ಲರನ್ನೂ ಊಟಕ್ಕೆ ಎಬ್ಬಿಸುತ್ತಾ ಬಂದವಳು ಆ ಒಂಟಿ ಕುರ್ಚಿಯ ಮುಂದೆ ನಿಂತಳು.

"ಅಯ್ಯೋ, ಇನ್ನೂ ಇದ್ದೀರಾ?" ಎಂದಳು.

ಅದರಲ್ಲಿ ಕೊಂಕಿರಲಿಲ್ಲ, ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಇದೀನಿ ಕಣಮ್ಮ" ಎಂದ ದೊಡ್ಡಪ್ಪ.

"ಆಗ್ಲೇ ಹೋಗಿರ್ತೀರ ಅಂದ್ಕಂಡು ಎಲೆ ಹಾಕ್ಸಿಲ್ಲ, ಬೇಜಾರು ಮಾಡ್ಕಬ್ಯಾಡಿ" ಎಂದಳು ಅತ್ತೆ. ಆಮೇಲೆ ಊಟದ ಮನೆಯ ಕಡೆ ತಿರುಗಿ, ಅಡುಗೆಯವರಿಗೆ ಕೇಳುವ ಹಾಗೆ ಕೂಗಿದಳು: "ಇನ್ನೊಂದು ಎಲೆ ಹಾಕ್ರಪ್ಪಾ. ನೆಂಟರು ಒಬ್ರು ಉಳ್ಕಂಡವ್ರೆ."